ವಿಶ್ವವಿದ್ಯಾಲಯದ ಸಂಗ್ರಹದಲ್ಲಿರುವ ತೊಗಲುಗೊಂಬೆಯನ್ನು ಆಟಕ್ಕೆ ಕೊಡಬಹುದೇ?

ಕೊಪ್ಪಳದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಮ್ಮ ಭಾಗದ ವಿಶ್ವವಿದ್ಯಾಲಯವೊಂದರ ಕಲಾಸಂಗ್ರಹಕ್ಕೆ ಹೊಸದಾಗಿ ದಾಖಲೆ ಪುಸ್ತಕ ಬರೆಯುವ ಕೆಲಸದಲ್ಲಿ ನಾನು ನೆರವಾಗುತ್ತಿದ್ದೇನೆ. ಸಂಗ್ರಹ ದೊಡ್ಡದೇನಲ್ಲ. ಒಂದು ಕೊಠಡಿಯಲ್ಲಿ ತೈಲವರ್ಣ ಮತ್ತು ಜಲವರ್ಣದ ಚಿತ್ರಗಳಿವೆ. ಇನ್ನೊಂದರಲ್ಲಿ ತೊಗಲುಗೊಂಬೆಗಳು, ಕಿನ್ನಾಳದ ಮರದ ಮೂರ್ತಿಗಳು, ಲಂಬಾಣಿ ಕಸೂತಿಯ ಕಾಂಚಳಿ (ರವಿಕೆ), ಫೇಟಿಯಾ (ಲಂಗ)ಗಳಿವೆ. ಮೊದಲ ಕೊಠಡಿಯ ಪ್ರತಿಯೊಂದು ಚಿತ್ರದ ಕೆಳಗೆ ಕಲಾವಿದರ ಹೆಸರು, ವರ್ಷ, ಮಾಧ್ಯಮ ಬರೆದಿದ್ದಾರೆ. ಎರಡನೆಯ ಕೊಠಡಿಯಲ್ಲಿ ‘ಜಾನಪದ ವಸ್ತು, ಬಳ್ಳಾರಿ ಜಿಲ್ಲೆ’ ಎಂಬ ಚೀಟಿ ಬಿಟ್ಟರೆ ಬೇರೇನೂ ಇಲ್ಲ.

ಇತ್ತೀಚೆಗೆ, ಆ ಗೊಂಬೆಗಳು ಮೊದಲು ಯಾರ ಮನೆಯಲ್ಲಿದ್ದವೋ ಆ ಮನೆತನದವರು ಬಂದಿದ್ದರು. ಊರಿನಲ್ಲಿ ಮಳೆಗಾಗಿ ಆಟ ಆಡಿಸಬೇಕೆಂದು ಹಿರಿಯರು ನಿಶ್ಚಯಿಸಿದ್ದಾರೆ, ಗಣಪತಿಯ ಗೊಂಬೆಯನ್ನು ಒಂದು ರಾತ್ರಿಯ ಮಟ್ಟಿಗೆ ಕೊಡಿ, ಬೆಳಗಾದ ಮೇಲೆ ತಂದೊಪ್ಪಿಸುತ್ತೇವೆ ಎಂದು ಕೇಳಿದರು. ಸಂಗ್ರಹಕ್ಕೆ ಸೇರಿದ ವಸ್ತು ಹೊರಗೆ ಹೋಗುವಂತಿಲ್ಲ ಎಂದು ಮೇಲಿನವರು ಹೇಳಿ ಕಳಿಸಿದರು. ಬಂದವರು ಜಗಳವಾಡಲಿಲ್ಲ, ಗೊಂಬೆಯ ಮುಂದೆ ಊದುಬತ್ತಿ ಹಚ್ಚಲು ಕೇಳಿದರು, ಅದಕ್ಕೂ ಅನುಮತಿ ಸಿಗಲಿಲ್ಲ.

ಇಂಥ ವಸ್ತುವನ್ನು ಹೊರಗೆ ಕೊಡುವ ಪದ್ಧತಿ ಎಲ್ಲಾದರೂ ಇದೆಯೇ? ಚೀಟಿಯಲ್ಲಿ ಮಾಡಿದವರ ಹೆಸರು ಬರೆಯಬೇಕೆಂದರೆ ಅದನ್ನು ಎಲ್ಲಿ ಹುಡುಕಬೇಕು? ತಿಳಿದವರು ದಯವಿಟ್ಟು ಹೇಳಿ.

ಗಂಗಾವತಿ ಮೇಷ್ಟ್ರು

ಕೊಡಬೇಕು. ಅವರ ಗೊಂಬೆ, ಅವರ ಆಟ; ಇದರಲ್ಲಿ ಕೇಳುವುದೇನಿದೆ?

ರಾಯಚೂರಿನ ಗ್ರಂಥಪಾಲಕ

ಮೇಷ್ಟ್ರೇ, ನಿಮ್ಮ ಹೆಸರಿನಲ್ಲಿ ದಾಸ್ತಾನು ಪುಸ್ತಕ ಇರದ ಕಾರಣ ಇಷ್ಟು ಬೇಗ ತೀರ್ಪು ಕೊಡುತ್ತಿದ್ದೀರಿ. ಆಡಿಟ್‌ನವರು ಬಂದಾಗ ಪುಸ್ತಕದಲ್ಲಿರುವ ವಸ್ತು ಕಪಾಟಿನಲ್ಲಿ ಕಾಣದಿದ್ದರೆ ಉತ್ತರ ಹೇಳಬೇಕಾದವರು ಕುಲಪತಿಗಳಲ್ಲ, ಕೀಲಿಕೈ ಇಟ್ಟುಕೊಂಡ ಸಹಾಯಕರು. ಮೇಲಿನವರ ‘ಇಲ್ಲ’ ಎಂಬ ಮಾತಿನ ಹಿಂದೆ ಗರ್ವಕ್ಕಿಂತ ಈ ಭಯವೇ ಹೆಚ್ಚಿರುತ್ತದೆ.

ಮೇಡಂ, ನೀವು ಮೊದಲು ತಿಳಿಯಬೇಕಾದದ್ದು ಈ ಗೊಂಬೆಗಳು ಸಂಗ್ರಹಕ್ಕೆ ಬಂದ ಬಗೆ. ಕೊಂಡದ್ದೋ, ದಾನವಾಗಿ ಬಂದದ್ದೋ, ಅಥವಾ ‘ನಿಮ್ಮಲ್ಲಿ ಇರಲಿ’ ಎಂದು ಇಟ್ಟು ಹೋದದ್ದೋ? ಮೂರಕ್ಕೂ ಮೂರು ಬೇರೆ ಉತ್ತರಗಳಿವೆ. ಇದನ್ನು ಸಂಗ್ರಹಾಲಯದ ಕಡತದಲ್ಲಿ ಹುಡುಕಬೇಡಿ. ಲೆಕ್ಕಪತ್ರ ಶಾಖೆಯಲ್ಲಿ ಹಳೆಯ ವೋಚರ್‌ಗಳ ಗಂಟು ಇದ್ದರೆ ಅದನ್ನು ಬಿಚ್ಚಿಸಿ. ಹಣ ಕೊಟ್ಟಲ್ಲಿ ಹೆಸರು ಬರೆಯದೆ ಬಿಟ್ಟ ಗುಮಾಸ್ತನನ್ನು ನಾನಂತೂ ಕಂಡಿಲ್ಲ.

ಗೊಂಬೆಯಾಟದ ಮನೆಯವ

ನಾನು ಆ ಕುಟುಂಬದವನಲ್ಲ, ಆದರೆ ಅದೇ ಬಳಗದವನು. ನಮ್ಮ ಮನೆಯಲ್ಲಿಯೂ ಆಟವಿತ್ತು, ಈಗ ನಿಂತಿದೆ. ಗಣಪತಿಯನ್ನೇ ಏಕೆ ಕೇಳಿದರು ಎಂಬುದನ್ನು ಇಲ್ಲಿರುವವರಿಗೆ ತಿಳಿಸುವುದು ಅಗತ್ಯವೆನಿಸಿತು.

ಆಟ ಶುರುವಾಗುವುದು ಗಣಪತಿ ಪರದೆಯ ಮೇಲೆ ಬಂದು ಪೂಜೆಗೊಂಡ ಮೇಲೆಯೇ. ಆಮೇಲೆ ಶಾರದೆ, ಅವರ ಹಿಂದೆಯೇ ಜನರನ್ನು ನಗಿಸುವ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ. ಪೆಟ್ಟಿಗೆಯಲ್ಲಿ ಗೊಂಬೆ ಇಡುವುದಕ್ಕೂ ಒಂದು ಕ್ರಮವಿದೆ. ದೇವರ ಗೊಂಬೆ ಮೇಲಿರಬೇಕು, ರಾಮನನ್ನೂ ರಾವಣನನ್ನೂ ಒಂದೇ ಮಡಿಕೆಯಲ್ಲಿ ಸೇರಿಸಿ ಇಡುವುದಿಲ್ಲ. ವಿಶ್ವವಿದ್ಯಾಲಯದವರು ಇವನ್ನು ಅಕ್ಷರಮಾಲೆಯ ಪ್ರಕಾರ ಜೋಡಿಸಿರುತ್ತಾರೆ ಎಂದುಕೊಳ್ಳುತ್ತೇನೆ.

ಇನ್ನೊಂದು ಮಾತನ್ನು ಹೇಳಿದರೆ ಸಂಗ್ರಹಾಲಯದವರಿಗೆ ಸಿಟ್ಟು ಬರಬಹುದು. ಹರಿದು ಆಟಕ್ಕೆ ಬಾರದಂತಾದ ದೇವರ ಗೊಂಬೆಯನ್ನು ನಮ್ಮ ಹಿರಿಯರು ಪೂಜೆ ಮಾಡಿ ಹೊಳೆಗೆ ಬಿಡುತ್ತಿದ್ದರು. ಹಳೆಯದು ಹೋಗಬೇಕು, ಅದರ ಅಳತೆಯಲ್ಲಿ ಹೊಸದನ್ನು ಕೊರೆಯಬೇಕು. ಹಾಗೆ ಕೊರೆಯುವಾಗಲೇ ಮಕ್ಕಳು ಕೆಲಸ ಕಲಿಯುತ್ತಿದ್ದರು. ಬರಗಾಲದಲ್ಲಿ ಕೆಲವರು ಹೊಟ್ಟೆಪಾಡಿಗೆ ಪೆಟ್ಟಿಗೆಯನ್ನೇ ಮಾರಿದರು. ಮಾರಿದ ಗೊಂಬೆ ಗಾಜಿನೊಳಗೆ ಉಳಿಯಿತು, ಅಳತೆ ನೋಡಿಕೊಳ್ಳಲು ಮನೆಯಲ್ಲಿ ಒಂದೂ ಉಳಿಯಲಿಲ್ಲ.

ನಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಹೆಮ್ಮೆಪಟ್ಟರು. ಅದು ಸರಿಯೇ. ಆದರೆ ಅದೇ ಕಸುಬಿನವರು ಗೊಂಬೆ ಕೇಳಲು ಬಂದರೆ ಊದುಬತ್ತಿಗೂ ಜಾಗವಿಲ್ಲ ಎನ್ನುವುದನ್ನು ಓದಿ ಬೇಸರವಾಯಿತು.

ಬಣ್ಣದ ಪೆಟ್ಟಿಗೆ

ಭಾವನೆಗೆ ಗೌರವವಿದೆ, ಆದರೂ ಊದುಬತ್ತಿಯ ವಿಷಯದಲ್ಲಿ ನಾನು ಮೇಲಿನವರ ಪರ. ಮುಚ್ಚಿದ ಕೊಠಡಿಯಲ್ಲಿ ಹೊಗೆಯ ಮಸಿ ಚರ್ಮದ ಮೇಲೆ ಕೂತರೆ ಅದನ್ನು ತೆಗೆಯುವಾಗ ಬಣ್ಣವೂ ಜೊತೆಗೆ ಬರುತ್ತದೆ.

ತೊಗಲುಗೊಂಬೆಯ ಚರ್ಮ ಚಪ್ಪಲಿಯ ಚರ್ಮದಂತೆ ಹದ ಮಾಡಿದ್ದಲ್ಲ. ಮೇಕೆಯ ತೊಗಲಿನ ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು, ಬಿಗಿದು ಒಣಗಿಸಿದ ಹಸಿ ಚರ್ಮ. ಆದ್ದರಿಂದ ಗಾಳಿಯ ತೇವ ಏರಿದಾಗ ಹಿಗ್ಗುತ್ತದೆ, ಇಳಿದಾಗ ಮುದುಡುತ್ತದೆ. ಹೀಗೆ ಹಿಗ್ಗಿ ಕುಗ್ಗುವಾಗ ಬಣ್ಣ ಸೀಳು ಬಿಡುತ್ತದೆ. ಏಪ್ರಿಲ್‌ನ ರಾಯಚೂರಿನ ಬಿಸಿಲು ಮತ್ತು ಆಗಸ್ಟ್‌ನ ಮಳೆ, ಇವೆರಡರ ನಡುವಿನ ಅಂತರವೇ ಅದಕ್ಕೆ ಶತ್ರು. ಬಣ್ಣದ ಚರ್ಮ, ಬಟ್ಟೆ, ಜಲವರ್ಣದಂಥ ವಸ್ತುಗಳ ಮೇಲೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳಬಾರದು ಎಂಬುದು ಸಂಗ್ರಹಾಲಯಗಳು ಸಾಮಾನ್ಯವಾಗಿ ಪಾಲಿಸುವ ಮಿತಿ. ಒಂದು ರಾತ್ರಿ ಬಲ್ಬಿನ ಹತ್ತಿರ ಹಿಡಿದು ಕುಣಿಸಿದರೆ ಈ ಲೆಕ್ಕವೆಲ್ಲ ಎಲ್ಲಿ ಹೋಯಿತು?

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಬಿಳಿಯ ಗೋಡೆಗೆ ಚೌಕಟ್ಟು ಹಾಕಿ ನೇತುಹಾಕಿದ ತೊಗಲುಗೊಂಬೆಯನ್ನು ನೋಡಿದವರು ಗೊಂಬೆಯನ್ನು ನೋಡಿಲ್ಲ. ಹಿಂದಿನಿಂದ ಬೆಳಕು ಬಂದಾಗ ಮಾತ್ರ ಉಳಿಯಿಂದ ಕೊರೆದ ರಂಧ್ರಗಳು ಆಭರಣವಾಗುತ್ತವೆ, ಕೆಂಪು ಕೆಂಪಾಗುತ್ತದೆ. ಗುಂಡಿ ಒತ್ತಿದಾಗ ಹಿಂಬದಿಯಲ್ಲಿ ಮಂದ ಎಲ್‌ಇಡಿ ಹತ್ತಿ ಅರ್ಧ ನಿಮಿಷದಲ್ಲಿ ಆರುವ ಪೆಟ್ಟಿಗೆ ಮಾಡಿಸಲು ಭಾರಿ ಖರ್ಚೇನೂ ಬೇಕಿಲ್ಲ.

ಗೊಂಬೆಯಾಟದ ಮನೆಯವ

ಸರ್, ಮೊದಲು ಹರಳೆಣ್ಣೆಯ ದೀಪದ ಮುಂದೆ ಆಡುತ್ತಿದ್ದೆವು. ಆ ಹೊಗೆ ಕುಡಿದ ಗೊಂಬೆಗಳೇ ಈಗ ನಿಮ್ಮ ಕೈಗೆ ಬಂದಿರುವುದು.

ಬಣ್ಣದ ಪೆಟ್ಟಿಗೆ

ಒಪ್ಪುತ್ತೇನೆ. ಆದರೆ ಆಗ ಹಾಳಾದರೆ ಇನ್ನೊಂದನ್ನು ಕೊರೆಯುವ ಕೈಗಳಿದ್ದವು ಎಂದು ನೀವೇ ಮೇಲೆ ಬರೆದಿದ್ದೀರಿ.

ಹಂಪಿ ದಾರಿ

ಹೊರಗೆ ಕೊಡುವ ಪದ್ಧತಿ ಎಲ್ಲಾದರೂ ಇದೆಯೇ ಎಂದು ಕೇಳಿದ್ದೀರಿ. ಮೂಲನಿವಾಸಿಗಳ ವಸ್ತುಗಳ ವಿಚಾರದಲ್ಲಿ ಹೊರದೇಶಗಳ ವಿಶ್ವವಿದ್ಯಾಲಯಗಳು ಇದೇ ಪ್ರಶ್ನೆಯನ್ನು ಬಹಳ ಕಾಲದಿಂದ ಎದುರಿಸುತ್ತಿವೆ. ಅಮೆರಿಕದಲ್ಲಿ 1990ರ ಕಾನೂನೊಂದರ ಪ್ರಕಾರ, ಒಕ್ಕೂಟ ಸರ್ಕಾರದ ಹಣ ಪಡೆಯುವ ಸಂಗ್ರಹಾಲಯಗಳು ಮತ್ತು ವಿಶ್ವವಿದ್ಯಾಲಯಗಳು ತಮ್ಮಲ್ಲಿರುವ ಮೂಲನಿವಾಸಿಗಳ ಅವಶೇಷಗಳ ಮತ್ತು ಪವಿತ್ರ ವಸ್ತುಗಳ ಪಟ್ಟಿ ಮಾಡಿ, ಆಯಾ ಬುಡಕಟ್ಟಿನವರಿಗೆ ತಿಳಿಸಿ, ಹಕ್ಕು ಸಾಬೀತಾದರೆ ಹಿಂದಿರುಗಿಸಬೇಕು. 2024ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ನಿಯಮಗಳಂತೆ, ಅಂಥ ವಸ್ತುಗಳ ಪ್ರದರ್ಶನಕ್ಕೂ ಮೊದಲೇ ಅವರ ಒಪ್ಪಿಗೆ ಪಡೆಯಬೇಕು. ಆಗ ಕೆಲವು ದೊಡ್ಡ ಸಂಗ್ರಹಾಲಯಗಳು ಪ್ರದರ್ಶನದ ಗಾಜುಗಳನ್ನೇ ಮುಚ್ಚಿಬಿಟ್ಟವು.

ಕೆನಡಾದ ವ್ಯಾಂಕೂವರ್‌ನಲ್ಲಿರುವ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರ ಸಂಗ್ರಹಾಲಯ ಮಸ್ಕ್ವಿಯಂ ಎಂಬ ಮೂಲನಿವಾಸಿ ಜನರ ನೆಲದ ಮೇಲಿದೆ. ಆ ಜನರನ್ನೂ ಇತರ ಸಮುದಾಯಗಳನ್ನೂ ಜೊತೆಗೆ ಸೇರಿಸಿಕೊಂಡು, ಹಲವು ಸಂಗ್ರಹಾಲಯಗಳಲ್ಲಿ ಚದುರಿಹೋದ ತಮ್ಮ ವಸ್ತುಗಳ ದಾಖಲೆಯನ್ನು ಸಮುದಾಯದವರೇ ನೋಡಿ ಚರ್ಚಿಸುವಂಥ ಒಂದು ಅಂತರ್ಜಾಲ ಜಾಲವನ್ನು ಅವರು ಕಟ್ಟಿದ್ದಾರೆ. ನಮ್ಮಲ್ಲಿ ಸಮುದಾಯದವರು ದಾಖಲೆ ಪುಸ್ತಕ ನೋಡಲು ಅರ್ಜಿ ಕೊಡಬೇಕು.

ಮಸ್ಕಿ ರಸ್ತೆ

ಹೊರದೇಶದ ಉದಾಹರಣೆ ತಂದ ಕೂಡಲೇ ಚರ್ಚೆ ಗೆದ್ದೆವು ಎಂದುಕೊಳ್ಳುವುದು ನಮ್ಮ ಹಳೆಯ ಚಾಳಿ. ಅಲ್ಲಿ ಬೇರೆ ಜನರ ನೆಲಕ್ಕೆ ಬಂದು ನೆಲೆಸಿದವರು ಆ ಜನರ ವಸ್ತುಗಳನ್ನು ಒಯ್ದರು; ಅದರ ಪರಿಹಾರವಾಗಿ ಕಾನೂನು ಬಂತು. ಇಲ್ಲಿ ಗೊಂಬೆ ಕೊಟ್ಟವರೂ ಕೊಂಡವರೂ ಒಂದೇ ಜಾತ್ರೆಗೆ ಹೋಗುವವರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಹಂಪಿ ದಾರಿ

ಒಂದೇ ಜಾತ್ರೆಗೆ ಹೋಗುತ್ತಿದ್ದರು ನಿಜ, ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದರೇ? ಗೊಂಬೆ ಆಡಿಸುವ ಶಿಳ್ಳೇಕ್ಯಾತರು ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ, ಬಹುತೇಕ ಊರೂರು ಅಲೆದು ಬದುಕಿದವರು. ಬರಗಾಲದಲ್ಲಿ ಪೆಟ್ಟಿಗೆ ಮಾರಿದವರಿಗೆ ಬೆಲೆ ಹೇಳುವ ಶಕ್ತಿ ಎಷ್ಟಿತ್ತು ಎಂಬುದನ್ನೂ ಅದೇ ತಕ್ಕಡಿಯಲ್ಲಿ ಇಡಿ.

ಬಳ್ಳಾರಿ ವಕೀಲ

ಕಾನೂನಿನ ಮಾತನ್ನು ನಾನು ಹೇಳುತ್ತೇನೆ. ಇದನ್ನು ಸಲಹೆಯೆಂದು ಯಾರೂ ಫೀ ಕಳಿಸುವುದು ಬೇಡ.

ಗ್ರಂಥಪಾಲಕರು ಹೇಳಿದ ವ್ಯತ್ಯಾಸವೇ ಇಲ್ಲಿ ಮುಖ್ಯ. ಇಟ್ಟುಕೊಳ್ಳಲು ಒಪ್ಪಿಸಿದ ವಸ್ತುವಿನ ಒಡೆತನ ಕೊಟ್ಟವರಲ್ಲಿಯೇ ಉಳಿಯುತ್ತದೆ. 1872ರ ಕರಾರು ಕಾಯ್ದೆಯ 148ನೆಯ ಸೆಕ್ಷನ್‌ನಿಂದ ಮುಂದೆ ಈ ವಿಷಯವಿದೆ. ಕೊಂಡದ್ದಾದರೆ ಒಡೆತನ ವಿಶ್ವವಿದ್ಯಾಲಯದ್ದು. ಆದರೆ ಒಡೆತನ ಇದ್ದವರು ಎರವಲು ಕೊಡಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. ಸಂಗ್ರಹಾಲಯಗಳು ಪ್ರದರ್ಶನಕ್ಕಾಗಿ ಒಂದಕ್ಕೊಂದು ವಸ್ತುಗಳನ್ನು ಎರವಲು ಕೊಡುವುದು ಎಲ್ಲೆಡೆ ಇರುವ ರೂಢಿ. ದೆಹಲಿಗೆ ಕಳಿಸಬಹುದಾದ ಗೊಂಬೆಯನ್ನು ಪಕ್ಕದ ತಾಲ್ಲೂಕಿಗೆ ಕಳಿಸಲು ಅಡ್ಡಿಯೇನು?

ಹೆಸರಿನ ವಿಚಾರಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಸೆಕ್ಷನ್ ಓದಿ. ಕೃತಿಯನ್ನು ಮಾರಿದ ಮೇಲೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಹಕ್ಕು ಕಲಾವಿದನಲ್ಲಿ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಶಿಲ್ಪಿ ಅಮರ್‌ನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು ಸರ್ಕಾರ ಕಿತ್ತು ಗೋದಾಮಿಗೆ ಹಾಕಿದಾಗ, ದೆಹಲಿ ಹೈಕೋರ್ಟು 2005ರಲ್ಲಿ ಉಳಿದ ಭಾಗವನ್ನು ಅವರಿಗೆ ಹಿಂದಿರುಗಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಅಲ್ಲಿ ಒಬ್ಬ ಶಿಲ್ಪಿ, ಒಂದು ಹೆಸರು, ಕೋರ್ಟಿಗೆ ಹೋಗುವ ಶಕ್ತಿ ಇದ್ದವು. ಗೊಂಬೆ ಕೊರೆದ ಅಜ್ಜನ ಹೆಸರನ್ನು ಚೀಟಿಯಲ್ಲಿ ಬರೆಯದೆ ಬಿಟ್ಟರೆ ಆ ಸೆಕ್ಷನ್ ಹಿಡಿದು ಬರುವವರು ಯಾರು?

ಒಂದು ಎಚ್ಚರಿಕೆ. ಹಳೆಯ ಗೊಂಬೆಗಳಲ್ಲಿ ಕೆಲವು ಜಿಂಕೆಯ ಚರ್ಮದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅಂಥವುಗಳ ಕ್ರಯವಿಕ್ರಯಕ್ಕೆ ಕೈ ಹಾಕಬಾರದು. ಸಂಗ್ರಹದಲ್ಲಿ ಅಂಥದ್ದಿದ್ದರೆ ಎರವಲು ಕೊಡುವ ಮೊದಲು ಅರಣ್ಯ ಇಲಾಖೆಯನ್ನು ಲಿಖಿತವಾಗಿ ಕೇಳಿ.

ಸಂಡೂರಿನವಳು

ಎಲ್ಲರೂ ಗೊಂಬೆಯ ಹಿಂದೆಯೇ ಬಿದ್ದಿದ್ದೀರಿ. ಅದೇ ಕೊಠಡಿಯಲ್ಲಿರುವ ಕಾಂಚಳಿಗೂ ‘ಜಾನಪದ ವಸ್ತು’ ಎಂಬ ಚೀಟಿಯೇ ಅಲ್ಲವೇ?

ನಮ್ಮ ತಾಂಡಾದಲ್ಲಿ ಹೆಣ್ಣುಮಕ್ಕಳು ಹೊಲಿಗೆಯನ್ನು ನೋಡಿದ ಕೂಡಲೇ ಇದು ಯಾರ ಕೈಯದು ಎಂದು ಹೇಳುತ್ತಾರೆ. ಕಿಲನ್, ವೇಲೆ, ಮಾಕಿ, ನಕ್ರಾ, ಪೋಟೆ ಎಂದು ಹೊಲಿಗೆಗಳಿಗೆ ಹೆಸರುಗಳಿವೆ. ಯಾವುದನ್ನು ಎಲ್ಲಿ ಹಾಕಬೇಕು, ಕನ್ನಡಿಯ ಸುತ್ತ ಯಾವ ದಾರ, ಕವಡೆ ಎಷ್ಟು ಎಂಬುದರಲ್ಲಿ ಅವರವರ ಮನಸ್ಸು ಕಾಣುತ್ತದೆ. ಚೀಟಿಯಲ್ಲಿ ಕೊನೆಗೆ ಹೊಲಿಗೆಗಳ ಹೆಸರನ್ನಾದರೂ ಬರೆಯಬಹುದಿತ್ತು. ತೈಲವರ್ಣವನ್ನು ‘ತೈಲವರ್ಣ, ಕ್ಯಾನ್ವಾಸ್’ ಎಂದು ಬರೆಯುವವರಿಗೆ ಇದು ಕಷ್ಟವೇ?

ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯಲ್ಲಿ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ದಾಖಲೆಯ ಸಂಖ್ಯೆ ಪತ್ರಿಕೆಗಳಲ್ಲಿ ಬಂತು, ನಮಗೂ ಸಂತೋಷವಾಯಿತು. ಆದರೆ ಭೌಗೋಳಿಕ ಗುರುತು ಊರಿನ ಹೆಸರನ್ನು ಕಾಯುತ್ತದೆಯೇ ಹೊರತು ಹೊಲಿದವಳ ಹೆಸರನ್ನು ಕಾಯುವುದಿಲ್ಲ.

ಮಸ್ಕಿ ರಸ್ತೆ

ಒಂದು ಫೇಟಿಯಾಕ್ಕೆ ತಾಯಿ, ಮಗಳು, ಅತ್ತೆ ಮೂವರೂ ಕೈ ಹಾಕಿರುತ್ತಾರೆ. ಯಾರ ಹೆಸರು ಬರೆಯುತ್ತೀರಿ?

ಸಂಡೂರಿನವಳು

ಮೂವರದ್ದೂ. ಚೀಟಿಯಲ್ಲಿ ಜಾಗ ಸಾಲದಿದ್ದರೆ ದೊಡ್ಡ ಚೀಟಿ ಮಾಡಿಸಿ.

ಕಿನ್ನಾಳ ಓಣಿ

ಕಿನ್ನಾಳದ ಬಗ್ಗೆ ಸ್ವಲ್ಪ. ನಮ್ಮಲ್ಲಿ ಚಿತ್ರಗಾರ ಮನೆತನದ ಕೆಲಸ ಒಬ್ಬನಿಂದ ಮುಗಿಯುವುದಿಲ್ಲ. ಹಗುರವಾದ ಮರವನ್ನು ಕೆತ್ತಿ, ಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ನೆನೆಸಿ, ಒಣಗಿಸಿ, ಪುಡಿ ಮಾಡಿದ ಗೋಣಿಯ ನಾರಿಗೆ ಮರದ ಹೊಟ್ಟು ಮತ್ತು ಅದೇ ಅಂಟು ಕಲಸಿದರೆ ಕಿಟ್ಟ ಆಗುತ್ತದೆ. ಕಿಟ್ಟವನ್ನು ಕೈಯಿಂದ ಮೆತ್ತಿ, ಮೇಲೆ ಹತ್ತಿಯ ಬಟ್ಟೆಯ ತುಣುಕುಗಳನ್ನು ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟ ಮೇಲೆಯೇ ಬಣ್ಣ. ಆಭರಣದ ಉಬ್ಬು ಕೆಲಸವೂ ಕಲ್ಲಿನ ಪುಡಿ ಮತ್ತು ಅಂಟಿನದೇ. ಮನೆಮಂದಿಯೆಲ್ಲ ಕೂತು ಮಾಡುವ ಕೆಲಸವಾದ್ದರಿಂದ ಮನೆತನದ ಹೆಸರು, ಊರು, ಬಣ್ಣ ಹಾಕಿದವರ ಹೆಸರು, ಇಷ್ಟು ಬರೆದರೆ ನ್ಯಾಯವಾಗುತ್ತದೆ.

ದಯವಿಟ್ಟು ಸ್ವಚ್ಛತೆಯ ಸಿಬ್ಬಂದಿಗೆ ಒಂದು ಮಾತು ಹೇಳಿ. ಒಂದು ಕಚೇರಿಯ ಗಾಜಿನ ಕಪಾಟಿನಲ್ಲಿದ್ದ ಕಿನ್ನಾಳದ ಕಾಮಧೇನುವನ್ನು ಹಬ್ಬದ ಮುಂಚೆ ಒದ್ದೆ ಬಟ್ಟೆಯಿಂದ ಉಜ್ಜಿ ಒರೆಸಿದ್ದನ್ನು ನಾನು ನೋಡಿದ್ದೇನೆ. ಅಂಟು ನೀರು ಕುಡಿದು ಕೆಚ್ಚಲಿನ ಭಾಗದ ಬಣ್ಣ ಹಪ್ಪಳದಂತೆ ಎದ್ದಿತ್ತು. ಒಣ ಕುಂಚ ಸಾಕು.

ಬಣ್ಣ ಹೋದರೆ ಮತ್ತೆ ಹಾಕುವುದರಲ್ಲಿ ನಮಗೆ ಅಪಚಾರವಿಲ್ಲ. ಗ್ರಾಮದೇವತೆಯ ಮರದ ಮೂರ್ತಿಗೆ ಜಾತ್ರೆಯ ಮೊದಲು ಹೊಸ ಬಣ್ಣ ಹಾಕಿಸುವುದು ಎಷ್ಟೋ ಊರುಗಳ ಪದ್ಧತಿ. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಮೇಲ್ಛಾವಣಿಯ ಚಿತ್ರಗಳು ನಮ್ಮ ಪೂರ್ವಿಕರ ಕೈಯವು ಎಂದು ಹಿರಿಯರು ಹೇಳುತ್ತಾರೆ. ಅವುಗಳನ್ನು ಮುಟ್ಟಬಾರದು, ಸರಿ. ಆದರೆ ಮನೆಯ ಗರುಡನನ್ನೂ ಅದೇ ಕಣ್ಣಿನಿಂದ ನೋಡಬೇಕೇ?

ಬಣ್ಣದ ಪೆಟ್ಟಿಗೆ

ನೋಡಬೇಕು. ಹಳೆಯ ಬಣ್ಣದ ಪದರ ಒಮ್ಮೆ ಹೋದರೆ ಆ ಕಾಲದ ಕೈ ಹೇಗಿತ್ತೆಂದು ತಿಳಿಯಲು ಬೇರೆ ದಾರಿಯಿಲ್ಲ. ಹೊಸ ಬಣ್ಣಕ್ಕೆ ಹೊಸ ಮೂರ್ತಿ ಮಾಡಿ, ಹಳೆಯದನ್ನು ಬಿಡಿ.

ಗಂಗಾವತಿ ಮೇಷ್ಟ್ರು

ಚೀಟಿಯಲ್ಲಿ ಇನ್ನೊಂದು ತೊಡಕಿದೆ, ಯಾರೂ ಗಮನಿಸಿಲ್ಲ. ‘ಬಳ್ಳಾರಿ ಜಿಲ್ಲೆ’ ಎಂದರೆ ಯಾವ ಬಳ್ಳಾರಿ? 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆ, ಹಂಪಿ, ಹಡಗಲಿ ಎಲ್ಲ ಆ ಕಡೆ ಹೋದವು. ನಮ್ಮ ಕೊಪ್ಪಳವೇ 1997ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ಹಳೆಯ ಪುಸ್ತಕದಲ್ಲಿ ‘ರಾಯಚೂರು ಜಿಲ್ಲೆಯ ಕಿನ್ನಾಳ’ ಎಂದು ಕಂಡರೆ ಈಗಿನ ಹುಡುಗರು ಅದನ್ನು ರಾಯಚೂರಿನ ನಕಾಶೆಯಲ್ಲಿ ಹುಡುಕುತ್ತಾರೆ. ಊರು ಮತ್ತು ತಾಲ್ಲೂಕು ಬರೆಯಿರಿ.

ಮಸ್ಕಿ ರಸ್ತೆ

ತಾಲ್ಲೂಕೂ ಬದಲಾಗುತ್ತದೆ, ಮೇಷ್ಟ್ರೇ. ನಮ್ಮ ಮಸ್ಕಿ ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲಿತ್ತು. ಊರಿನ ಹೆಸರನ್ನು ಮಾತ್ರ ನಂಬಿ.

ಕೊಪ್ಪಳದ ವಿದ್ಯಾರ್ಥಿನಿ

ಗ್ರಂಥಪಾಲಕ ಸರ್ ಹೇಳಿದಂತೆ ಲೆಕ್ಕಪತ್ರ ಶಾಖೆಗೆ ಹೋಗಿದ್ದೆ. ಗೊಂಬೆಗಳನ್ನು ಕೊಂಡ ವೋಚರ್ ಸಿಕ್ಕಿತು. ಮಾರಿದವರ ಹೆಸರು, ತಂದೆಯ ಹೆಸರು, ಊರು, ಕೊಟ್ಟ ಹಣ, ರೆವಿನ್ಯೂ ಸ್ಟಾಂಪಿನ ಮೇಲೆ ಹೆಬ್ಬೆಟ್ಟಿನ ಗುರುತು, ಎಲ್ಲವೂ ಸ್ಪಷ್ಟವಾಗಿವೆ. ಗೊಂಬೆ ಕೇಳಲು ಬಂದವರ ಮನೆಯ ಹಿರಿಯರೇ ಅವರು. ಅಂದರೆ ಸಂಗ್ರಹಾಲಯದ ಚೀಟಿಗೆ ತಿಳಿಯದ ಹೆಸರು ಇಷ್ಟು ವರ್ಷ ಎರಡು ಕಟ್ಟಡಗಳ ಆಚೆ ಇತ್ತು. ಚರ್ಮ ಮೇಕೆಯದೇ ಎಂದು ಅವರ ಮನೆಯವರು ಫೋನಿನಲ್ಲಿ ತಿಳಿಸಿದರು. ಆದರೂ ಪರಿಣತರಿಗೆ ತೋರಿಸುತ್ತೇವೆ.

ಮಸ್ಕಿ ರಸ್ತೆ

ಹಾಗಾದರೆ ಕೊಂಡದ್ದೆಂದು ಸಾಬೀತಾಯಿತು. ಹಕ್ಕಿನ ಮಾತು ಅಲ್ಲಿಗೆ ಮುಗಿಯಿತು. ಹೆಸರು ಬರೆಯಿರಿ, ಗೊಂಬೆ ಅಲ್ಲಿಯೇ ಇರಲಿ.

ರಾಯಚೂರಿನ ಗ್ರಂಥಪಾಲಕ

ಮಾರಿದವರೇ ಕೊರೆದವರು ಎಂದು ಆತುರಪಡಬೇಡಿ. ಅವರ ತಂದೆಯೋ ಅಜ್ಜನೋ ಕೊರೆದಿರಬಹುದು. ‘ಕೊಟ್ಟವರು’ ಮತ್ತು ‘ಮಾಡಿದವರು’ ಎಂದು ಎರಡು ಕಲಂ ಹಾಕಿ, ಎರಡನೆಯದನ್ನು ಮನೆಯವರನ್ನು ಕೇಳಿಯೇ ತುಂಬಿ. ಅವರು ಹೇಳಿದ್ದನ್ನು ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದರೊಂದಿಗೆ ಬರೆಯಿರಿ. ಅವರ ಒಪ್ಪಿಗೆಯಿದ್ದರೆ ಧ್ವನಿಯನ್ನೂ ಮುದ್ರಿಸಿಕೊಳ್ಳಿ. ಆ ಗೊಂಬೆ ಯಾವ ಪ್ರಸಂಗದಲ್ಲಿ ಯಾವ ಹಾಡಿನೊಂದಿಗೆ ಬರುತ್ತದೆ ಎಂಬುದು ಚರ್ಮದ ಮೇಲೆ ಬರೆದಿರುವುದಿಲ್ಲ.

ಬಣ್ಣದ ಪೆಟ್ಟಿಗೆ

ನನ್ನದೊಂದು ಪರ್ಯಾಯ ಸಲಹೆ. ಗಣಪತಿಯ ಗೊಂಬೆಯನ್ನು ಮೇಜಿನ ಮೇಲಿಟ್ಟು, ಅದೇ ಮನೆತನದವರಿಂದ ಅದೇ ಅಳತೆಯ ಹೊಸ ಗೊಂಬೆಯನ್ನು ವಿಶ್ವವಿದ್ಯಾಲಯವೇ ಕೂಲಿ ಕೊಟ್ಟು ಕೊರೆಸಲಿ. ದೃಶ್ಯಕಲೆ ಓದುವ ವಿದ್ಯಾರ್ಥಿಗಳು ಪಕ್ಕದಲ್ಲಿ ಕೂತು ನೋಡಲಿ. ಹೊಸ ಗೊಂಬೆ ಊರಿಗೆ ಹೋಗಲಿ, ಹಳೆಯದು ಉಳಿಯಲಿ.

ಗೊಂಬೆಯಾಟದ ಮನೆಯವ

ಈ ಮಾತು ನನಗೆ ಹಿಡಿಸಿತು, ಅದರಲ್ಲೂ ಅಳತೆ ತೆಗೆದುಕೊಳ್ಳಲು ಬಿಡುವ ಭಾಗ. ನಮ್ಮ ಎಷ್ಟೋ ಮನೆಗಳಿಗೆ ಬೇಕಾಗಿರುವುದು ಅದೇ. ಆದರೆ ಚರ್ಮ ಹೆರೆದು, ಒಣಗಿಸಿ, ಕೊರೆದು, ಬಣ್ಣ ಹಾಕುವಷ್ಟರಲ್ಲಿ ಈ ವರ್ಷದ ಮಳೆಯ ಆಟದ ದಿನ ದಾಟಿರುತ್ತದೆ. ಈ ಸಲಕ್ಕೆ ಹಳೆಯದನ್ನೇ ಕೊಡಲಿ, ಮುಂದಿನದಕ್ಕೆ ಹೊಸದು ಆಗಲಿ. ಇನ್ನೊಂದು, ದೃಶ್ಯಕಲೆಯ ವಿದ್ಯಾರ್ಥಿಗಳ ಜೊತೆ ನಮ್ಮ ಮಕ್ಕಳೂ ಕೂರಬೇಕು, ಅವರಿಗೂ ಅಷ್ಟೇ ಭತ್ಯೆ ಸಿಗಬೇಕು.

ಕೊಪ್ಪಳದ ವಿದ್ಯಾರ್ಥಿನಿ

ಎರವಲು ಪತ್ರದ ಕರಡನ್ನು ಬರೆದು ಮೇಲಿನವರಿಗೆ ಕೊಟ್ಟಿದ್ದೇನೆ. ಹೋಗುವಾಗ ಮತ್ತು ಬರುವಾಗ ಗೊಂಬೆಯ ಎರಡೂ ಬದಿಯ ಫೋಟೊ ತೆಗೆಯುವುದು, ಸಾಗಿಸಲು ಚಪ್ಪಟೆ ಪೆಟ್ಟಿಗೆ, ಬಿಸಿಯಾಗುವ ಬಲ್ಬಿನ ಬದಲು ಎಲ್‌ಇಡಿ, ಜೊತೆಗೆ ನಮ್ಮವರೊಬ್ಬರು ಹೋಗುವುದು, ಇಷ್ಟನ್ನು ಸೇರಿಸಿದ್ದೇನೆ. ಹಾನಿಯಾದರೆ ಯಾರ ಹೊಣೆ ಎಂಬ ಕಲಂ ಮಾತ್ರ ಖಾಲಿ ಇದೆ. ಅದನ್ನು ಮನೆತನದವರ ಮೇಲೆ ಹಾಕಲು ನನಗೆ ಮನಸ್ಸಿಲ್ಲ, ಹಾಕದಿದ್ದರೆ ಕಡತ ಮುಂದೆ ಹೋಗುವುದಿಲ್ಲ.

ಬಳ್ಳಾರಿ ವಕೀಲ

‘ಎಚ್ಚರಿಕೆಯಿಂದ ಬಳಸಿದಾಗಲೂ ಆಗುವ ಸಹಜ ಸವೆತಕ್ಕೆ ಎರವಲು ಪಡೆದವರು ಹೊಣೆಯಲ್ಲ’ ಎಂದು ಬರೆಯಿರಿ. ಕಳೆದುಹೋದರೆ, ಸುಟ್ಟರೆ ಏನು ಎಂಬುದಕ್ಕೆ ವಿಶ್ವವಿದ್ಯಾಲಯವೇ ವಿಮೆ ಮಾಡಿಸಲಿ. ವಿಮೆಯವರು ಗೊಂಬೆಗೆ ಬೆಲೆ ಕಟ್ಟಿ ಎನ್ನುತ್ತಾರೆ. ಆಗ ವೋಚರಿನಲ್ಲಿರುವ ಅಂದಿನ ಮೊತ್ತವನ್ನು ಬರೆಯಬೇಡಿ, ಇಂದು ಅಂಥದ್ದನ್ನು ಕೊರೆಯಲು ತಗಲುವ ಕೂಲಿಯನ್ನು ಆ ಮನೆಯವರನ್ನೇ ಕೇಳಿ ಬರೆಯಿರಿ.

ಬಣ್ಣದ ಪೆಟ್ಟಿಗೆ

ಹಳೆಯದನ್ನು ಬಯಲಿಗೆ ಒಯ್ಯುವುದನ್ನು ನಾನು ಇನ್ನೂ ಒಪ್ಪಿಲ್ಲ. ಕೊಡಲೇಬೇಕೆಂದಾದರೆ ಗಣಪತಿ ಪರದೆಯ ಮೇಲಿರುವ ಹೊತ್ತಿಗಷ್ಟೇ ಹೊರಗೆ ತೆಗೆದು, ಪೂಜೆ ಮುಗಿದ ಕೂಡಲೇ ಪೆಟ್ಟಿಗೆಗೆ ಸೇರಿಸಲಿ; ಉಳಿದ ರಾತ್ರಿಯ ಆಟಕ್ಕೆ ಅದು ಬೇಕಾಗುವುದಿಲ್ಲವಲ್ಲ.

ಗೊಂಬೆಯಾಟದ ಮನೆಯವ

ಪೂಜೆ ಮುಗಿದ ಮೇಲೆ ನಾವೂ ಅದನ್ನು ಪೆಟ್ಟಿಗೆಯಲ್ಲಿಯೇ ಇಡುವುದು, ಸರ್. ನಿಮ್ಮವರು ಪೆಟ್ಟಿಗೆಯ ಪಕ್ಕ ಕೂರಲಿ, ಆದರೆ ಆಟ ಮುಗಿಯುವ ಮೊದಲು ಎತ್ತಿಕೊಂಡು ಹೊರಡುವಂತಿಲ್ಲ.